ಮೊದಲು ಕೇಳಿಸಿಕೊಳ್ಳೋಣ

ನಮ್ಮ ಊರಿನಲ್ಲಿ ಯಾರ ಮಾತು ನಡೆಯುತ್ತದೆ? ಹೀಗೆ ಕೇಳಿದರೆ ನಾವು ಥಟ್ಟನೆ ಗೌಡರ ಹೆಸರು ಹೇಳ್ತೀವಿ. ಇಲ್ಲವೇ ಪಂಚಾಯ್ತಿ ಅಧ್ಯಕ್ಷರ ಹೆಸರು ಹೇಳ್ತೀವಿ. ಜಮೀನು ಇದ್ದವರ ಮಾತು ನಡೆಯುತ್ತದೆ. ದುಡ್ಡು ಇದ್ದವರ ಮಾತು ನಡೆಯುತ್ತದೆ. ಗಂಟಲು ದೊಡ್ಡದಾಗಿ ಇದ್ದವರ ಮಾತೂ ನಡೆಯುತ್ತದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ.

ಆದರೆ ಇನ್ನೊಂದು ಸಂಗತಿ ನೋಡಿ. ನಡುರಾತ್ರಿ ಮಗುವಿಗೆ ಜ್ವರ ಏರಿತು. ಆಗ ನಾವು ಯಾರ ಮನೆ ಬಾಗಿಲು ಬಡಿಯುತ್ತೇವೆ? ಮಗಳು ಗಂಡನ ಮನೆಯಿಂದ ಅಳುತ್ತಾ ಬಂದಳು. ಆಗ ಯಾರ ಹತ್ತಿರ ಹೋಗಿ ಕೂರುತ್ತೇವೆ? ಗೌಡರ ಮನೆಗೆ ಹೋಗುವುದಿಲ್ಲ. ನಮ್ಮ ಓಣಿಯಲ್ಲೇ ಇರುವ ಒಬ್ಬ ದೊಡ್ಡಮ್ಮನ ಹತ್ತಿರ ಹೋಗ್ತೀವಿ. ಅವರಿಗೆ ಜಮೀನು ಇರಲಿಕ್ಕಿಲ್ಲ. ಹೂ ಕಟ್ಟಿ ಮಾರುವವರು ಇರಬಹುದು. ಕೂಲಿಗೆ ಹೋಗುವವರು ಇರಬಹುದು. ಓದು ಬರಹ ಬಾರದವರೂ ಇರಬಹುದು. ಆದರೂ "ಆ ದೊಡ್ಡಮ್ಮ ಹೇಳಿದ್ರೆ ಸರಿಯಾಗೇ ಇರ್ತದೆ" ಅಂತ ಹತ್ತು ಜನ ಒಪ್ಪುತ್ತಾರೆ.

ಅವರ ಮಾತಿಗೆ ಈ ಬೆಲೆ ಎಲ್ಲಿಂದ ಬಂತು? ಅವರು ಮಾಡುವುದನ್ನು ನಾವು ಸ್ವಲ್ಪ ಗಮನಿಸಬೇಕು. ಹೋದವರನ್ನು ಅವರು ಮೊದಲು ಕೂರಿಸುತ್ತಾರೆ. ಒಂದು ಲೋಟ ನೀರು ಕೊಡುತ್ತಾರೆ. "ಏನಾಯ್ತು ಹೇಳವ್ವ" ಅಂತಾರೆ. ಆಮೇಲೆ ಸುಮ್ಮನಿರುತ್ತಾರೆ. ನಾವು ಅತ್ತರೆ ಅಳಲು ಬಿಡುತ್ತಾರೆ. ಹೇಳಿದ್ದನ್ನೇ ಎರಡು ಸಲ ಹೇಳಿದರೂ ಬೇಸರ ಮಾಡಿಕೊಳ್ಳುವುದಿಲ್ಲ. ಎಲ್ಲ ಮುಗಿದ ಮೇಲೆ ಅವರು ಆಡುವುದು ಎರಡೇ ಮಾತು. ಅವರ ಹತ್ತಿರ ಆಡಿದ ಮಾತು ಮರುದಿನ ನಲ್ಲಿ ಕಟ್ಟೆಯಲ್ಲಿ ಕೇಳಿಬರುವುದಿಲ್ಲ.

ಇದನ್ನೇ ನಾವು ನಂಬಿಕೆ ಅನ್ನುವುದು. ಇದು ಹುಟ್ಟಿನಿಂದ ಬರುವ ಗುಣ ಅಂತ ಕೆಲವರು ಹೇಳ್ತಾರೆ. ನಮಗೆ ಹಾಗೆ ಅನ್ನಿಸುವುದಿಲ್ಲ. ನಾವು ಅಕ್ಷರ ಕಲಿಯಲಿಲ್ಲವೇ? ಮೊದಲು ಕೈ ನಡುಗುತ್ತಿತ್ತು. ಗೆರೆ ಸೊಟ್ಟ ಹೋಗುತ್ತಿತ್ತು. ತಿದ್ದಿ ತಿದ್ದಿ ಬಂತು. ಕೇಳಿಸಿಕೊಳ್ಳುವುದೂ ಹಾಗೇ, ತಿದ್ದಿದರೆ ಬರುತ್ತದೆ.

ನಮ್ಮ ಕನ್ನಡದಲ್ಲಿ 'ಕೇಳು' ಎಂಬ ಮಾತಿಗೆ ಎರಡು ಅರ್ಥ ಇದೆ. "ಯಾಕೆ ಬರಲಿಲ್ಲ?" ಅಂತ ಪ್ರಶ್ನೆ ಮಾಡುವುದೂ ಕೇಳುವುದೇ. ಅವಳು ಹೇಳುವ ಉತ್ತರಕ್ಕೆ ಕಿವಿ ಕೊಡುವುದೂ ಕೇಳುವುದೇ. ಮೊದಲನೆಯದನ್ನು ನಾವು ಬೇಗ ಮಾಡಿಬಿಡ್ತೀವಿ. ಎರಡನೆಯದಕ್ಕೆ ಪುರುಸೊತ್ತು ಇರುವುದಿಲ್ಲ. ಅವಳು ಬಾಯಿ ತೆರೆದ ಕೂಡಲೇ ನಮ್ಮ ತಲೆಯಲ್ಲಿ ನಮ್ಮ ಮಾತು ತಯಾರಾಗುತ್ತಾ ಇರುತ್ತದೆ.

ಈಗ ನಮ್ಮ ಸಂಘದ ವಿಷಯಕ್ಕೆ ಬರೋಣ. ಸಂಘ ನಿಂತಿರುವುದೇ ನಂಬಿಕೆಯ ಮೇಲೆ.

ನಮ್ಮಲ್ಲಿ ಬಹಳ ಜನ ಸ್ವಸಹಾಯ ಸಂಘದಲ್ಲಿ ಇದ್ದೇವೆ. ಹತ್ತರಿಂದ ಇಪ್ಪತ್ತು ಜನ ಹೆಂಗಸರು. ವಾರಕ್ಕೊಮ್ಮೆ ಚಾಪೆ ಹಾಸಿ ಕೂರುತ್ತೇವೆ. ಉಳಿತಾಯ ಕಟ್ಟುತ್ತೇವೆ. ಸಾಲ ಕೊಡುತ್ತೇವೆ, ಕಂತು ವಸೂಲು ಮಾಡುತ್ತೇವೆ. ಈ ಸಂಘಗಳು ಹೇಗೆ ಹುಟ್ಟಿದವು ಗೊತ್ತೇ?

1980ರ ದಶಕದ ನಡುವಿನ ಮಾತು. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಮೈರಾಡ ಎಂಬ ಸಂಸ್ಥೆ ಕೆಲಸ ಮಾಡುತ್ತಿತ್ತು. ಅದರ ಜೊತೆಗೆ ದೊಡ್ಡ ದೊಡ್ಡ ಸಹಕಾರ ಸಂಘಗಳಿದ್ದವು. ಸದಸ್ಯರು ಬಹಳ. ಕೆಲವು ಕಡೆ ಮುಖಂಡರ ಮೇಲೆ ಸದಸ್ಯರಿಗೆ ನಂಬಿಕೆ ಹೋಯಿತು. ಸಂಘಗಳು ಒಡೆದವು. ಆಗ ಜನ ತಮ್ಮಷ್ಟಕ್ಕೆ ತಾವೇ ಸಣ್ಣ ಸಣ್ಣ ಗುಂಪಾಗಿ ಕೂತು ಮಾತಾಡಿದರು. ಸಾಲ ತೀರಿಸುತ್ತೇವೆ, ಆದರೆ ಆ ದೊಡ್ಡ ಸಂಘಕ್ಕೆ ಕಟ್ಟುವುದಿಲ್ಲ ಅಂದರು. ಸಂಸ್ಥೆಯವರು ಅವರನ್ನು ಗದರಿಸಬಹುದಿತ್ತು. ಗದರಿಸಲಿಲ್ಲ, ಕೇಳಿಸಿಕೊಂಡರು. ಹಾಗಾದರೆ ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಅಂದರು. ಒಬ್ಬರನ್ನೊಬ್ಬರು ಬಲ್ಲ, ಒಬ್ಬರನ್ನೊಬ್ಬರು ನಂಬುವ ಜನ ಸೇರಿದ ಈ ಸಣ್ಣ ಗುಂಪುಗಳೇ ಮುಂದೆ ಸಂಘಗಳಾದವು. 1992ರಲ್ಲಿ ನಬಾರ್ಡ್ ಮುಂದೆ ಬಂದು, ಇಂಥ ಸಂಘಗಳಿಗೆ ಬ್ಯಾಂಕಿನಿಂದ ಸಾಲ ಕೊಡಿಸುವ ಕೆಲಸ ಶುರು ಮಾಡಿತು. 2000–01ರಲ್ಲಿ ಕರ್ನಾಟಕ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದಿತು. ಊರೂರಿಗೂ ಸಂಘ ಬಂತು.

ಈಗ ಯೋಚನೆ ಮಾಡಿ. ನಾವು ಒಬ್ಬೊಬ್ಬರೇ ಬ್ಯಾಂಕಿಗೆ ಹೋದರೆ ಏನು ಕೇಳುತ್ತಾರೆ? ಜಮೀನಿನ ಪತ್ರ ತನ್ನಿ, ಒಡವೆ ತನ್ನಿ, ಜಾಮೀನಿಗೆ ಜನ ಕರೆತನ್ನಿ. ಸಂಘಕ್ಕೆ ಒಡವೆ ಅಡ ಇಡಿ ಅಂತ ಕೇಳುವುದಿಲ್ಲ. ಲೆಕ್ಕದ ಪುಸ್ತಕ ನೋಡುತ್ತಾರೆ. ನಡಾವಳಿ ಪುಸ್ತಕ ನೋಡುತ್ತಾರೆ. ಪ್ರತಿ ವಾರ ಸಭೆ ನಡೆದಿದೆಯೇ, ಕಂತು ಸರಿಯಾಗಿ ಬಂದಿದೆಯೇ ಅಂತ ನೋಡುತ್ತಾರೆ. ಅಂದರೆ ನಾವು ಒಬ್ಬರ ಮೇಲೊಬ್ಬರು ಇಟ್ಟಿರುವ ನಂಬಿಕೆಯೇ ಬ್ಯಾಂಕಿನಲ್ಲಿ ಅಡವಾಗಿ ಇರುವುದು. ಅದು ಒಡೆದರೆ ಒಡವೆ ಕಳೆದುಹೋದ ಹಾಗೆ.

ಒಂದು ಸಂಘದಲ್ಲಿ ಹೀಗಾಯಿತು ಅಂತ ಇಟ್ಟುಕೊಳ್ಳೋಣ. ಒಬ್ಬ ಸದಸ್ಯೆ ಹಸು ಕೊಳ್ಳಲು 15,000 ರೂಪಾಯಿ ಸಾಲ ತಗೊಂಡಿದ್ದಾಳೆ. ವಾರಕ್ಕೆ 300 ರೂಪಾಯಿ ಕಂತು. ಇದುವರೆಗೆ ಒಂದು ವಾರವೂ ತಪ್ಪಿಸಿರಲಿಲ್ಲ. ಈಗ ಮೂರು ವಾರದಿಂದ ಸಭೆಗೂ ಬಂದಿಲ್ಲ, ಕಂತೂ ಕಟ್ಟಿಲ್ಲ. ದಾರಿಯಲ್ಲಿ ಕಂಡರೆ ತಲೆ ತಗ್ಗಿಸಿ ಹೋಗುತ್ತಾಳೆ. ಸಭೆಯಲ್ಲಿ ಗುಸುಗುಸು ಶುರುವಾಗುತ್ತದೆ.

"ಮೊನ್ನೆ ಸಂತೇಲಿ ಕೋಳಿ ತಗೊಳ್ತಾ ಇದ್ಳು. ಕಂತು ಕಟ್ಟಕ್ಕೆ ಮಾತ್ರ ದುಡ್ಡಿಲ್ವಂತೆ."

"ಹಸು ಮಾರಿಬಿಟ್ಟವ್ಳೆ ಅಂತ ಕೇಳ್ದೆ."

"ನಾಳೆ ಎಲ್ರೂ ಅವಳ ಮನೆ ಮುಂದೆ ಹೋಗಿ ಕೂತ್ಕೊಳ್ಳೋಣ. ನಾಲ್ಕು ಜನ ನೋಡಿದ್ರೆ ತಾನಾಗೇ ಕಟ್ತಾಳೆ."

ಹೀಗೆ ಮನೆ ಮುಂದೆ ಕೂರುವುದು ನಮಗೆ ಹೊಸದೇನಲ್ಲ. ಫೈನಾನ್ಸ್ ಕಂಪನಿಗಳು ಗುಂಪು ಮಾಡಿ ಸಾಲ ಕೊಡುತ್ತವೆ. ಒಬ್ಬಳು ಕಟ್ಟದಿದ್ದರೆ ಉಳಿದವರನ್ನು ಎಬ್ಬಿಸಿ ಅವಳ ಮೇಲೆ ಬಿಡುವುದು ಕೆಲವು ಕಡೆ ನಡೆದಿದೆ. ಅವಮಾನ ತಾಳಲಾರದೆ ಹೆಂಗಸರು ಊರು ಬಿಟ್ಟಿದ್ದಾರೆ. ಜೀವ ಕಳಕೊಂಡವರೂ ಇದ್ದಾರೆ. ಇದಕ್ಕಾಗಿಯೇ ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಒಂದು ಸುಗ್ರೀವಾಜ್ಞೆ ತಂದಿತು. ಕಿರುಸಾಲ ಕೊಟ್ಟವರು ವಸೂಲಿಗಾಗಿ ಬೆದರಿಸುವುದು, ಪೀಡಿಸುವುದು ಅಪರಾಧ. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಅಂಥವರು ಮನೆಗೆ ಬಂದು ಕೂಗಾಡಿದರೆ ಪೊಲೀಸರಿಗೆ ದೂರು ಕೊಡಬಹುದು.

ಕಂಪನಿಯವರು ಕೂತರೆ ತಪ್ಪು, ನಾವೇ ಹೋಗಿ ಕೂತರೆ ಸರಿಯೇ? ಹೋಗಿ ಕೂತೆವು ಅಂತಲೇ ಇಟ್ಟುಕೊಳ್ಳಿ. ಅವಳು ಎಲ್ಲಿಂದಲೋ ಬಡ್ಡಿಗೆ ತಂದು 900 ರೂಪಾಯಿ ಬಿಸಾಕುತ್ತಾಳೆ. ದುಡ್ಡು ಬಂತು. ಆದರೆ ಅವಳು ಮತ್ತೆ ಮನಸ್ಸು ಬಿಚ್ಚಿ ಮಾತಾಡ್ತಾಳಾ? ನೋಡುತ್ತಾ ಕೂತ ಉಳಿದವರು ನಾಳೆ ತಮಗೆ ಕಷ್ಟ ಬಂದಾಗ ಹೇಳ್ತಾರಾ? ಅವರೂ ಮುಚ್ಚಿಡುತ್ತಾರೆ. ಮುಚ್ಚಿಟ್ಟ ಕಷ್ಟ ಸಂಘಕ್ಕೆ ಗೊತ್ತಾಗುವ ಹೊತ್ತಿಗೆ ಕೈ ಮೀರಿರುತ್ತದೆ.

ಇನ್ನೊಂದು ದಾರಿ ಇದೆ. ಇಬ್ಬರು ಹೋಗುವುದು. ಇಬ್ಬರೇ ಸಾಕು. ಅವಳಿಗೆ ಯಾರ ಜೊತೆ ಸಲಿಗೆ ಇದೆಯೋ ಅವರು ಹೋಗಲಿ. ಸಂಜೆ ಅಡಿಗೆ ಹೊತ್ತು ಬೇಡ. ಗಂಡ, ಅತ್ತೆ ಎದುರಿಗೆ ಕೂತಿರುವಾಗ ಬೇಡ. ಅವಳು ಬಟ್ಟೆ ಒಗೆಯುವಾಗ, ಹುಲ್ಲು ಕೊಯ್ಯುವಾಗ ಜೊತೆಗೆ ಕೈ ಹಾಕುತ್ತಾ ಮಾತಾಡಿದರೂ ಆಯಿತು. ಕೈಗೆ ಕೆಲಸ ಇದ್ದಾಗ ಬಾಯಿ ಸಲೀಸಾಗಿ ಬರುತ್ತದೆ, ಇದು ನಮಗೆಲ್ಲ ಗೊತ್ತು.

ಮೊದಲ ಮಾತು ಕಂತಿನದು ಆಗಬಾರದು.

"ಏನಕ್ಕಾ, ಮೂರು ವಾರ ಆಯ್ತು, ಕಾಣಲೇ ಇಲ್ಲ. ಹುಷಾರಾಗಿದೀಯಾ?"

"ಹ್ಞೂಂ, ಇದೀನಿ."

ಇಷ್ಟೇ ಹೇಳಿ ಅವಳು ಸುಮ್ಮನಾಗಬಹುದು. ಇಲ್ಲಿ ನಮಗೆ ಕಷ್ಟ. ಸುಮ್ಮನಿರುವುದು ನಮಗೆ ಬರುವುದಿಲ್ಲ. ಏನಾದರೂ ಆಡಿ ಆ ಜಾಗ ತುಂಬಿಸಿಬಿಡ್ತೀವಿ. ತುಂಬಿಸಬಾರದು, ಕಾಯಬೇಕು. ಹಾಲು ಕರೆಯುವಾಗ ಹಸು ಸೊರೆ ಬಿಡುವವರೆಗೆ ಕಾಯುವುದಿಲ್ಲವೇ? ಅವಸರ ಮಾಡಿ ಎಳೆದರೆ ಒದೆ ತಿನ್ನುತ್ತೇವೆ.

"ಸಭೆಗೆ ಬರಕ್ಕೆ ಮುಖ ಇಲ್ಲ ಕಣಕ್ಕ" ಅಂತಾಳೆ ಅವಳು. "ಇವ್ರು ತೆಂಗಿನ ಮರದಿಂದ ಬಿದ್ರು. ಸೊಂಟಕ್ಕೆ ಪೆಟ್ಟಾಯ್ತು. ಎರಡು ತಿಂಗಳು ಏಳಂಗಿಲ್ಲ ಅಂದವ್ರೆ ಡಾಕ್ಟ್ರು. ಆಸ್ಪತ್ರೆಗೆ ಅಂತ ಎರಡು ಫೈನಾನ್ಸಲ್ಲಿ ತಗೊಂಡೆ. ಅವ್ರು ವಾರವಾರ ಬಂದು ನಿಂತ್ಕೋತಾರೆ. ಅವ್ರಿಗೆ ಕಟ್ಟಿದ್ರೆ ಸಂಘಕ್ಕೆ ಇರಲ್ಲ."

"ಅಯ್ಯೋ, ಎರಡು ಫೈನಾನ್ಸಾ? ಒಂದು ಮಾತು ಮೊದಲೇ ಕೇಳಬಾರದಿತ್ತಾ?" ಈ ಮಾತು ನಮ್ಮ ನಾಲಿಗೆಯ ತುದಿಗೆ ಬರುತ್ತದೆ. ನಾವು ಆಡುವುದು ನಿಜವೇ ಇರಬಹುದು. ಆದರೆ ಆಡಿದ ಕ್ಷಣ ಅವಳ ಬಾಗಿಲು ಮುಚ್ಚಿತು. ಇನ್ನು ಅವಳು ಹೇಳುವುದು ನಮಗೆ ಒಪ್ಪುವ ಹಾಗೆ ಕಟ್ಟಿದ ಮಾತು ಮಾತ್ರ.

"ನಮ್ಮ ಮನೇಲೂ ಹಂಗೇ ಆಗಿತ್ತು" ಅಂತ ನಮ್ಮ ಕತೆ ಶುರು ಮಾಡುವುದು ಇನ್ನೊಂದು ಚಾಳಿ. ಅವಳಿಗೆ ಸಮಾಧಾನ ಆಗಲಿ ಅಂತಲೇ ಹೇಳ್ತೀವಿ. ಆದರೆ ಹತ್ತು ನಿಮಿಷ ಆದ ಮೇಲೆ ನೋಡಿದರೆ ಅವಳೇ ನಮ್ಮನ್ನು ಸಮಾಧಾನ ಮಾಡ್ತಾ ಕೂತಿರ್ತಾಳೆ! "ಹೋಗ್ಲಿ ಬಿಡು, ದೇವರಿದಾನೆ, ಎಲ್ಲ ಸರಿಹೋಗುತ್ತೆ" ಅನ್ನುವುದೂ ಹಾಗೇ. ಕೇಳಲು ಚೆಂದ. ಆದರೆ ಮಾತು ಅಲ್ಲಿಗೆ ಮುಗಿಸು ಅಂತ ಹೇಳಿದ ಹಾಗೆ ಇರುತ್ತದೆ.

ಹಾಗಾದರೆ ಏನು ಹೇಳಬೇಕು? ಅವಳು ಹೇಳಿದ್ದನ್ನೇ ನಮ್ಮ ಮಾತಿನಲ್ಲಿ ಅವಳಿಗೆ ಒಪ್ಪಿಸಬೇಕು. "ಅಂದ್ರೆ ನಿಂಗೆ ಕಟ್ಟೋ ಮನಸ್ಸಿದೆ. ಫೈನಾನ್ಸ್‌ನೋರು ಮುಂದೆ ನಿಲ್ಲೋದ್ರಿಂದ ಅವ್ರಿಗೆ ಮೊದಲು ಹೋಗ್ತಿದೆ. ಸಭೇಲಿ ಏನಂತಾರೋ ಅಂತ ಹೆದರಿಕೊಂಡು ಬರ್ತಿಲ್ಲ. ಹಂಗೇನಾ?" ತಪ್ಪಿದ್ದರೆ ಅವಳೇ ತಿದ್ದುತ್ತಾಳೆ. ಸರಿ ಇದ್ದರೆ "ಹ್ಞೂಂ ಕಣಕ್ಕ" ಅಂತ ಉಸಿರು ಬಿಡುತ್ತಾಳೆ. ಆ ಉಸಿರು ಬಂದ ಮೇಲೆ ಮುಂದಿನ ಮಾತು.

ಮುಂದಿನ ಮಾತೂ ನಮ್ಮ ಬುದ್ಧಿವಾದ ಆಗಬೇಕಿಲ್ಲ. "ನೀನು ಏನು ಮಾಡಬೇಕು ಅಂದುಕೊಂಡಿದೀಯ?" ಅಂತ ಕೇಳೋಣ. ಅವಳು ಮೂರು ವಾರದಿಂದ ನಿದ್ದೆ ಬಿಟ್ಟು ಇದೇ ಯೋಚನೆ ಮಾಡಿದ್ದಾಳೆ. ನಾವು ಐದು ನಿಮಿಷದಲ್ಲಿ ಕೊಡುವ ಉಪಾಯ ಅವಳಿಗೆ ಹೊಳೆದಿಲ್ಲ ಅಂತ ತಿಳಿಯುವುದು ತಪ್ಪು.

ಎದ್ದು ಬರುವ ಮೊದಲು ಇನ್ನೊಂದು ಕೆಲಸ ಇದೆ. "ಇದನ್ನ ಸಂಘದಲ್ಲಿ ಹೇಳಬಹುದಾ? ಎಷ್ಟು ಹೇಳಲಿ? ಇಲ್ಲ, ನೀನೇ ಬಂದು ಹೇಳ್ತೀಯಾ?" ಅಂತ ಕೇಳಬೇಕು. ಗಂಡನ ಪೆಟ್ಟಿನ ವಿಷಯ ಹೇಳಿ, ಫೈನಾನ್ಸ್ ವಿಷಯ ಬೇಡ ಅಂದರೆ ಬೇಡ. ಅವಳು ಬಿಟ್ಟುಕೊಟ್ಟಷ್ಟು ಮಾತು ಮಾತ್ರ ನಮ್ಮದು, ಉಳಿದದ್ದು ಅವಳದು.

ಕೇಳಿಸಿಕೊಳ್ಳುವುದು ಅಂದರೆ ಸಾಲ ಮನ್ನಾ ಮಾಡುವುದಲ್ಲ. ಇದನ್ನು ಒತ್ತಿ ಹೇಳಬೇಕು. ಆ ದುಡ್ಡಿನಲ್ಲಿ ಇನ್ನೊಬ್ಬ ವಿಧವೆಯ ಉಳಿತಾಯ ಇದೆ. ಮತ್ತೊಬ್ಬಳ ಹೂವಿನ ಕಾಸು ಇದೆ. ಅದು ವಾಪಸು ಬರಲೇಬೇಕು. ಹೇಗೆ ಬರಬೇಕು ಅನ್ನುವುದನ್ನು ಮಾತ್ರ ಅವಳ ಕಷ್ಟ ತಿಳಿದು ತೀರ್ಮಾನ ಮಾಡಬಹುದು. ಲೆಕ್ಕ ಹಾಕೋಣ. ತಪ್ಪಿದ ಕಂತು ಮೂರು, ಅಂದರೆ 900 ರೂಪಾಯಿ. ಮುಂದಿನ 8 ವಾರ ಅವಳು 300ರ ಬದಲು 100 ಕಟ್ಟಲಿ. ವಾರಕ್ಕೆ 200ರಂತೆ 1,600 ರೂಪಾಯಿ ಹಿಂದೆ ಬೀಳುತ್ತದೆ. ಒಟ್ಟು ಬಾಕಿ 2,500. ಗಂಡ ಎದ್ದು ಕೆಲಸಕ್ಕೆ ಹೋದ ಮೇಲೆ ವಾರಕ್ಕೆ 400 ಕಟ್ಟಿದರೆ 25 ವಾರದಲ್ಲಿ ಈ ಬಾಕಿ ಸರಿಹೋಗುತ್ತದೆ. ಬಡ್ಡಿ ಲೆಕ್ಕ ಬೇರೆ. ಇದನ್ನು ಸಭೆಯಲ್ಲಿ ಎಲ್ಲರೂ ಒಪ್ಪಿ ನಡಾವಳಿಯಲ್ಲಿ ಬರೆಯಬೇಕು. ಅವಳು ಸಹಿ ಹಾಕಬೇಕು. ನಾಳೆ ಬೇರೊಬ್ಬಳಿಗೆ ಕಷ್ಟ ಬಂದರೆ ಅವಳಿಗೂ ಇದೇ ನ್ಯಾಯ. ಸಲಿಗೆ ಇದ್ದವಳಿಗೆ ಒಂದು, ಇಲ್ಲದವಳಿಗೆ ಒಂದು ಆದರೆ ನಂಬಿಕೆ ಒಂದೇ ದಿನದಲ್ಲಿ ಹೋಗುತ್ತದೆ.

'ಅಯ್ಯೋ ಪಾಪ' ಅನ್ನುವುದಕ್ಕೂ, ಅವಳ ಜಾಗದಲ್ಲಿ ನಿಂತು ನೋಡುವುದಕ್ಕೂ ವ್ಯತ್ಯಾಸ ಇದೆ. ಪಾಪ ಅನ್ನುವಾಗ ನಾವು ಜಗಲಿಯ ಮೇಲೆ ಇರ್ತೀವಿ, ಅವಳು ಅಂಗಳದಲ್ಲಿ ಇರ್ತಾಳೆ. ನಮ್ಮ ಸಭೆಗಳಲ್ಲಿ ಇದು ಬಹಳ ನಡೆಯುತ್ತದೆ. ಹಾಗೆಯೇ ಚಾಪೆ ನೋಡಿ. ಯಾರು ನಡುವೆ ಕೂತಿದ್ದಾರೆ? ಯಾರು ಅಂಚಿನಲ್ಲಿ, ಬಾಗಿಲ ಹತ್ತಿರ ಕೂತಿದ್ದಾರೆ? ಕೇರಿಯಿಂದ ಬಂದವಳು ಯಾಕೆ ಯಾವಾಗಲೂ ಹೊಸ್ತಿಲ ಬಳಿಯೇ ಕೂರುತ್ತಾಳೆ? ಅವಳಿಗೆ ಬೇರೆ ಲೋಟದಲ್ಲಿ ಟೀ ಕೊಡುತ್ತಾ "ನಿಮ್ಮ ಕಷ್ಟ ಹೇಳಿ" ಅಂದರೆ ಅವಳು ಏನು ಹೇಳಿಯಾಳು? ಲೋಟವೇ ಎಲ್ಲ ಹೇಳಿಬಿಟ್ಟಿದೆಯಲ್ಲ. ಹೊಸದಾಗಿ ಮದುವೆಯಾಗಿ ಬಂದ ಸೊಸೆ, ಅತ್ತೆ ಇರುವ ಸಂಘದಲ್ಲೇ ಸದಸ್ಯೆಯಾಗಿದ್ದರೆ ಅವಳೂ ಬಾಯಿ ಬಿಡುವುದಿಲ್ಲ. ಅವಳು ತಲೆ ಆಡಿಸಿದ್ದನ್ನು ಒಪ್ಪಿಗೆ ಅಂತ ಬರೆದುಕೊಳ್ಳುತ್ತೇವೆ. ಒಂದು ಸಲ ಸುತ್ತು ತಿರುಗಿಸಿ ನೋಡೋಣ. ಅಂಚಿನಲ್ಲಿ ಕೂತವರಿಂದಲೇ ಮಾತು ಶುರುವಾಗಲಿ. ಪ್ರತಿನಿಧಿಗಳು ಕೊನೆಗೆ ಮಾತಾಡಲಿ. ಸಾಲ ಯಾರಿಗೆ ಮೊದಲು ಬೇಕು ಅನ್ನುವ ಪಟ್ಟಿಯೇ ಬದಲಾಗಬಹುದು.

ಕೇಳಿಸಿಕೊಳ್ಳುವುದರ ಬಲ ಎಷ್ಟು ಅಂತ ತಿಳಿಯಲು ನಮ್ಮ ಪಕ್ಕದ ರಾಜ್ಯದ ಒಂದು ನಡೆದ ಸಂಗತಿ ಹೇಳ್ತೀವಿ. ಆಂಧ್ರದ ನೆಲ್ಲೂರು ಜಿಲ್ಲೆ. ದೂಬಗುಂಟ ಎಂಬ ಹಳ್ಳಿ. 1990ರ ನಂತರ ಅಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ನಮ್ಮ ಹಾಗೇ ಹೆಂಗಸರು ರಾತ್ರಿ ದೀಪದ ಬೆಳಕಿನಲ್ಲಿ ಕಲಿಯಲು ಕೂತರು. ಪುಸ್ತಕದಲ್ಲಿ ಸಾರಾಯಿಯಿಂದ ಮನೆ ಹಾಳಾಗುವುದರ ಬಗ್ಗೆ ಪಾಠ ಇತ್ತು. ಪಾಠ ಓದಿದ ಮೇಲೆ ಮಾತು ಶುರುವಾಯಿತು. ಗಂಡ ಕೂಲಿ ದುಡ್ಡು ಕುಡಿದು ಬಂದು ಹೊಡೆಯುವುದು ತನ್ನ ಮನೆಯ ಹಣೆಬರಹ ಅಂತ ಒಬ್ಬೊಬ್ಬಳೂ ಮುಚ್ಚಿಟ್ಟುಕೊಂಡಿದ್ದಳು. ಇನ್ನೊಬ್ಬಳದು ಕೇಳಿದಾಗ ಗೊತ್ತಾಯಿತು. ಇದು ಒಂದು ಮನೆಯ ಹಣೆಬರಹ ಅಲ್ಲ, ಊರಿನ ಸಾರಾಯಿ ಅಂಗಡಿಯ ಕೆಲಸ. ಅವರು ಹೋಗಿ ಅಂಗಡಿ ಮುಚ್ಚಿಸಿದರು. ಸುದ್ದಿ ಹಳ್ಳಿಯಿಂದ ಹಳ್ಳಿಗೆ ಹೋಯಿತು. 1992ರಲ್ಲಿ ಜಿಲ್ಲೆಯ ಹೆಂಗಸರು ಒಟ್ಟಾಗಿ ಸಾರಾಯಿ ಹರಾಜನ್ನೇ ತಡೆದರು. 1993ರಲ್ಲಿ ಆಂಧ್ರ ಸರ್ಕಾರ ಸಾರಾಯಿ ನಿಷೇಧಿಸಿತು. 1995ರಲ್ಲಿ ಪೂರ್ತಿ ಪಾನನಿಷೇಧ ಬಂತು. ಅದನ್ನು 1997ರಲ್ಲಿ ಸಡಿಲಿಸಿದರು, ಅದು ಬೇರೆ ಮಾತು. ನಮ್ಮ ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಿಂದ. ಬೇರೆ ಮದ್ಯ ಇನ್ನೂ ಮಾರಾಟವಾಗುತ್ತಲೇ ಇದೆ, ಅದೂ ನಮಗೆ ಗೊತ್ತು.

ದೂಬಗುಂಟದಲ್ಲಿ ಮೊದಲು ಆದದ್ದು ಭಾಷಣ ಅಲ್ಲ. ಹೆಂಗಸರು ಒಬ್ಬರ ಕಷ್ಟವನ್ನು ಒಬ್ಬರು ಕೇಳಿಸಿಕೊಂಡದ್ದು.

ನಮ್ಮಲ್ಲೂ ಇಂಥ ಪ್ರಯತ್ನ ಆಗಿದೆ. 1989ರಲ್ಲಿ ಕರ್ನಾಟಕ, ಗುಜರಾತ್, ಉತ್ತರ ಪ್ರದೇಶ ಈ ಮೂರು ರಾಜ್ಯಗಳಲ್ಲಿ ಮಹಿಳಾ ಸಮಾಖ್ಯ ಕಾರ್ಯಕ್ರಮ ಶುರುವಾಯಿತು. ಅದರ ಸಹಯೋಗಿನಿಯರು ಹಳ್ಳಿಗೆ ಬರುವಾಗ ಕೈಯಲ್ಲಿ ಸಾಲ, ಸಬ್ಸಿಡಿ ಏನೂ ಇರುತ್ತಿರಲಿಲ್ಲ. ಇವರು ಏನು ಕೊಡ್ತಾರೆ ಅಂತ ಹೆಂಗಸರು ಕೇಳುವುದು ಸಹಜವೇ. ಕೊಡಲು ಏನೂ ಇಲ್ಲದವರ ಹತ್ತಿರ ಕೂತು ಮಾತಾಡುವುದು ಮೊದಮೊದಲು ವಿಚಿತ್ರ ಅನ್ನಿಸುತ್ತದೆ. ಆದರೆ ಕೂತು ಕೂತು, ಮಾತಾಡಿ ಮಾತಾಡಿ ಸಂಘಗಳು ಬೆಳೆದವು. ಕೇಂದ್ರ ಸರ್ಕಾರ 2016ರಲ್ಲಿ ಆ ಕಾರ್ಯಕ್ರಮ ನಿಲ್ಲಿಸಿತು. ನಿಲ್ಲಿಸಬಾರದಿತ್ತು ಅಂತ ನಮಗೆ ಅನ್ನಿಸುತ್ತದೆ.

ಎಲ್ಲರ ಕಿವಿಯೂ ಒಳ್ಳೆಯ ಕಿವಿ ಅಲ್ಲ, ಇದನ್ನೂ ತಿಳಿದಿರಬೇಕು. ಚುನಾವಣೆ ಹತ್ತಿರ ಬಂದಾಗ ಎಲ್ಲರಿಗೂ ಕಿವಿ ಬರುತ್ತದೆ. "ಏನಮ್ಮ ನಿಮ್ಮ ಕಷ್ಟ" ಅಂತ ಮನೆ ಮುಂದೆ ನಿಂತು ಕೇಳ್ತಾರೆ. ಬಡ್ಡಿ ವ್ಯಾಪಾರದವರೂ ಬೆಣ್ಣೆಯ ಹಾಗೆ ಮಾತಾಡ್ತಾರೆ. ಇನ್ನೊಬ್ಬರ ಗುಟ್ಟು ತಿಳಿಯಲು ಕಿವಿ ಕೊಡುವವರು ನಮ್ಮ ಓಣಿಯಲ್ಲೂ ಇದ್ದಾರೆ. ಕೇಳಿಸಿಕೊಂಡ ಮೇಲೆ ಏನು ಮಾಡಿದರು ಅಂತ ನೋಡಿ. ಗುರುತು ಸಿಗುತ್ತದೆ.

ಮನೆಯಲ್ಲಿ ಮಾತು ನಡೆಸಿಕೊಳ್ಳುವುದು ಇನ್ನೂ ಕಷ್ಟ. ಅತ್ತೆ ಸಂಘಕ್ಕೆ ಹೋಗಬೇಡ ಅಂತಾರೆ ಅಂದುಕೊಳ್ಳಿ. ನಾವು ಕೋಪದಿಂದ ವಾದ ಮಾಡ್ತೀವಿ. ಅದರ ಬದಲು "ಅತ್ತೆ, ಹೋದ್ರೆ ನಿಮಗೆ ಯಾವುದು ತೊಂದರೆ ಆಗ್ತದೆ?" ಅಂತ ಕೇಳಿ ನೋಡೋಣ. "ದೀಪ ಹಚ್ಚೋ ಹೊತ್ತಲ್ಲಿ ಮನೇಲಿ ಹೆಂಗಸು ಇರಬೇಕು" ಅಂತ ಹೇಳಬಹುದು. ಅದು ಅವರಿಗೆ ಮುಖ್ಯ. ಸಭೆಯ ಹೊತ್ತು ಒಂದು ಗಂಟೆ ಹಿಂದೆ ಹಾಕಿದರೆ ಮುಗಿಯಿತು. ಎಲ್ಲ ಅತ್ತೆಯರೂ ಹೀಗೆ ಒಪ್ಪುತ್ತಾರೆ ಅಂತ ನಾವು ಹೇಳುವುದಿಲ್ಲ. ಕೇಳದೆ ಇದ್ದರೆ ಗೊತ್ತೇ ಆಗುವುದಿಲ್ಲ, ಅಷ್ಟೇ.

ಹೊಡೆತ ಬಡಿತ ಇರುವ ಮನೆಯ ವಿಷಯ ಬೇರೆ. "ಅವನ ಕಷ್ಟವನ್ನೂ ಅರ್ಥ ಮಾಡ್ಕೋ, ಹೊಂದಿಕೊಂಡು ಹೋಗು" ಅಂತ ಹೊಡೆತ ತಿಂದವಳಿಗೆ ಹೇಳುವುದು ಸಹಾನುಭೂತಿ ಅಲ್ಲ. ಅದು ಅವಳನ್ನು ಮತ್ತೆ ಹೊಡೆತಕ್ಕೆ ಕಳಿಸುವುದು. ಇಲ್ಲಿ ಗುಟ್ಟಿನ ನಿಯಮವೂ ಬದಲಾಗುತ್ತದೆ. ಯಾರದಾದರೂ ಜೀವಕ್ಕೆ ಅಪಾಯ ಇದೆ ಅಂತ ತಿಳಿದರೆ ಮಾತು ಕೊಟ್ಟಿದ್ದೇವೆ ಅಂತ ಸುಮ್ಮನೆ ಕೂರಬಾರದು. "ಇದನ್ನ ನಾನೊಬ್ಬಳೇ ಇಟ್ಕೊಳ್ಳಕ್ಕಾಗಲ್ಲ, ನಿನ್ನ ಜೀವ ದೊಡ್ಡದು" ಅಂತ ಅವಳಿಗೇ ಹೇಳಿ ಸಹಾಯ ಕರೆಯಬೇಕು. ಮಹಿಳಾ ಸಹಾಯವಾಣಿ 181. ತುರ್ತು ಇದ್ದರೆ 112. ಮಕ್ಕಳ ಸಹಾಯವಾಣಿ 1098. ಸಾಯುವ ಮಾತು ಆಡಿದರೆ ಹುಡುಗಾಟ ಅಂತ ತಳ್ಳಿಹಾಕಬೇಡಿ. ಅವಳ ಜೊತೆಯಲ್ಲೇ ಇದ್ದು 14416ಕ್ಕೆ ಫೋನ್ ಮಾಡಿ. ಅದು ಟೆಲಿಮಾನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಉಚಿತ ಸಹಾಯ. ಹೊಡೆತದಿಂದ ರಕ್ಷಣೆ ಕೊಡುವ ಕಾನೂನು 2005ರಲ್ಲೇ ಬಂದಿದೆ. ಈ ನಂಬರುಗಳನ್ನು ಸಂಘದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡೋಣ. ಬರೆಯಲು ಈಗ ನಮಗೆ ಬರುತ್ತದಲ್ಲ.

ಇಷ್ಟೆಲ್ಲ ಓದಿದ ಮೇಲೆ ಬರುವ ವಾರದ ಸಭೆಯಲ್ಲಿ ಒಂದು ಆಟ ಆಡಿ ನೋಡಿ. ಕಂತಿನ ಲೆಕ್ಕ ಮುಗಿದ ಮೇಲೆ ಇಬ್ಬಿಬ್ಬರಾಗಿ ಎದುರುಬದುರು ಕೂತುಕೊಳ್ಳಿ. ಹೆಚ್ಚು ಪರಿಚಯ ಇಲ್ಲದವರ ಜೊತೆ ಕೂತರೆ ಒಳ್ಳೆಯದು. ಒಬ್ಬಳು ತನ್ನ ಈ ವಾರದ ಕಷ್ಟವನ್ನೋ ಸಂತೋಷವನ್ನೋ ಹೇಳಲಿ. ಐದು ನಿಮಿಷ ಸಾಕು. ಕೇಳುವವಳು ನಡುವೆ ಬಾಯಿ ಹಾಕುವಂತಿಲ್ಲ. ಉಪಾಯ ಹೇಳುವಂತಿಲ್ಲ. ತನ್ನ ಕತೆ ತೆಗೆಯುವಂತಿಲ್ಲ. ಐದು ನಿಮಿಷ ಆದ ಮೇಲೆ ತಾನು ಕೇಳಿದ್ದನ್ನು ಅವಳಿಗೇ ತಿರುಗಿ ಹೇಳಲಿ. "ಹೌದು, ನಾನು ಹೇಳಿದ್ದು ಇದೇ" ಅಂತ ಮೊದಲನೆಯವಳು ಒಪ್ಪಿದರೆ ಆಟ ಗೆದ್ದ ಹಾಗೆ. ಇಲ್ಲವಾದರೆ ಇನ್ನೊಂದು ಸಲ. ಆಮೇಲೆ ಅದಲು ಬದಲು ಮಾಡಿಕೊಳ್ಳಿ. ಮೊದಲ ದಿನ ಬಹಳ ನಗು ಬರುತ್ತದೆ. ಮೂರನೇ ನಿಮಿಷಕ್ಕೇ ಬಾಯಿ ತುರಿಸುತ್ತದೆ. ಬಾಯಿ ತುರಿಸುವವರು ಮಡಿಲಲ್ಲಿ ಹೂ ಇಟ್ಟುಕೊಂಡು ಕಟ್ಟುತ್ತಾ ಕೂರಬಹುದು.